ಬರೆಯದೇ ಉಳಿದ ಎರಡು ಹಾಳೆ

ಕೆಲಸವನ್ನು ನಾಳೆಗೆ ತಳ್ಳುವವರನ್ನು ಸೋಮಾರಿ ಎಂದು ಕರೆದು ಮುಗಿಸಿಬಿಡುವುದು ನಮ್ಮಲ್ಲಿ ರೂಢಿ. ಮುಂಬಯಿಯ ಚೆಂಬೂರಿನ ಹಳೆಯ ಕನ್ನಡ ಮನೆಗಳನ್ನು ಹತ್ತಿರದಿಂದ ಕಂಡವರಿಗೆ ಆ ಬೈಗುಳ ಎಷ್ಟು ಅನ್ಯಾಯದ್ದು ಎಂದು ತಿಳಿದೀತು.

ಈ ಮನೆಗಳನ್ನು ಕಟ್ಟಿದವರು ಯಾರು? ಅರವತ್ತು, ಎಪ್ಪತ್ತು ವರ್ಷಗಳ ಹಿಂದೆ ಉಡುಪಿ, ಕುಂದಾಪುರ, ಕಾಸರಗೋಡು, ಕಾರವಾರ, ಧಾರವಾಡಗಳ ಕಡೆಯಿಂದ ಒಂದು ಟ್ರಂಕು ಹಿಡಿದು ಬಂದ ಹುಡುಗರು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ನಿದ್ದೆಗಣ್ಣಲ್ಲಿ ಪಾಠ ಓದಿದವರು ಅವರಲ್ಲಿ ಎಷ್ಟೋ ಮಂದಿ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಡೆಸಿದ ರಾತ್ರಿಶಾಲೆಗಳ ಬೆಂಚುಗಳು ಇಂಥವರಿಂದಲೇ ತುಂಬಿದ್ದವು. 1950ರ ದಶಕದ ನಡುವಿನಲ್ಲಿ ಟ್ರಾಂಬೆ, ಮಾಹುಲ್ ಕಡೆ ಎರಡು ತೈಲ ಸಂಸ್ಕರಣಾಗಾರಗಳು ಬಂದವು. ಮುಂದೆ ಭಾಭಾ ಅಣುಶಕ್ತಿ ಕೇಂದ್ರ ಎಂದು ಹೆಸರಾದ ಸಂಸ್ಥೆಯೂ ಆಗಲೇ ಶುರುವಾಯಿತು, ಆಮೇಲೆ ರಸಗೊಬ್ಬರದ ಕಾರ್ಖಾನೆ ಬಂತು. ಮೆಟ್ರಿಕ್ ಮುಗಿಸಿದ ಆ ಹುಡುಗರಲ್ಲಿ ಕೆಲವರು ಅಲ್ಲಿ ಸೇರಿದರು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಎಂದು ನಮ್ಮ ಕರಾವಳಿಯ ಬ್ಯಾಂಕುಗಳ ಶಾಖೆಗಳು ಈ ಊರಲ್ಲಿ ತೆರೆದಾಗ ಇನ್ನು ಕೆಲವರು ಅಲ್ಲಿಗೆ ಹೋದರು. ಸೊಸೈಟಿಯಲ್ಲಿ ಒಂದು ಕೋಣೆ, ಅಡುಗೆಮನೆ ಕೊಂಡರು. ಊರಿಗೆ ಪ್ರತಿ ತಿಂಗಳೂ ಮನಿಯಾರ್ಡರ್ ಕಳಿಸಿದರು, ತಂಗಿಯರ ಮದುವೆ ಮಾಡಿದರು, ಮಳೆಗಾಲದಲ್ಲಿ ಹಳಿಯ ಮೇಲೆ ನೀರು ನಿಂತಾಗಲೂ ಹಾರ್ಬರ್ ಲೈನಿನ ಗಾಡಿ ಹಿಡಿದು ಡ್ಯೂಟಿಗೆ ಹೋದರು.

ಇಂಥ ಒಬ್ಬ ಮನುಷ್ಯ ತೀರಿಕೊಂಡ ಮೇಲೆ ಕಪಾಟು ತೆರೆದರೆ ಏನು ಸಿಗುತ್ತದೆ? 1970ರ ದಶಕದಿಂದಲೂ ಜೋಡಿಸಿಟ್ಟ ಕರೆಂಟ್ ಬಿಲ್ಲು, ಮೇಂಟೆನೆನ್ಸ್ ರಸೀದಿ, ಎಲ್‌ಐಸಿ ಪಾಲಿಸಿ ಎಲ್ಲವೂ ದಾರ ಕಟ್ಟಿದ ಕಟ್ಟುಗಳಲ್ಲಿ ಇರುತ್ತವೆ. ಇಲ್ಲದಿರುವುದು ಎರಡು ಹಾಳೆ. ಸೊಸೈಟಿಯ ಸೆಕ್ರೆಟರಿ ವರ್ಷ ವರ್ಷವೂ ನೆನಪಿಸುತ್ತಿದ್ದ ನಾಮಿನೇಷನ್ ಫಾರ್ಮ್ ತುಂಬದೇ ಉಳಿದಿರುತ್ತದೆ. ವಿಲ್ ಬರೆದೇ ಇರುವುದಿಲ್ಲ.

ಬದುಕಿಡೀ ಒಂದು ಕೆಲಸವನ್ನೂ ಬಾಕಿ ಇಡದ ಮನುಷ್ಯ ಇದೊಂದನ್ನು ಯಾಕೆ ಬಾಕಿ ಇಟ್ಟರು ಎನ್ನುವುದು ನನ್ನನ್ನು ಬಹಳ ಕಾಲದಿಂದ ಕಾಡಿದ ಪ್ರಶ್ನೆ. ಕೆಲಸ ದೊಡ್ಡದಾಗಿತ್ತೇ? ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ವಿಲ್ ಬಗ್ಗೆ ಕೇಳುವುದು ಬಹಳ ಕಡಿಮೆ: ಬರೆದವರ ಸಹಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ. ಛಾಪಾ ಕಾಗದ ಬೇಡ. ನೋಂದಣಿ ಮಾಡಿಸಿದರೆ ಒಳ್ಳೆಯದು, ಮಾಡಿಸದಿದ್ದರೂ ವಿಲ್ ವಿಲ್ಲೇ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ನಾಮಿನೇಷನ್ ಫಾರ್ಮ್ ಅದಕ್ಕಿಂತಲೂ ಸುಲಭ. ಎರಡೂ ಸೇರಿ ಒಂದು ಭಾನುವಾರದ ಬೆಳಗಿನ ಕೆಲಸ.

ಕಷ್ಟ ಆ ಹಾಳೆಯಲ್ಲಿರಲಿಲ್ಲ, ಬರೆಯಲು ಕೂತಾಗ ಎದೆಯೊಳಗೆ ಏಳುವ ಸಂಕಟದಲ್ಲಿತ್ತು. ಮೊದಲ ಸಾಲಿನಲ್ಲೇ ‘ನನ್ನ ಮರಣಾನಂತರ’ ಎಂದು ತನ್ನ ಕೈಯಾರೆ ಬರೆಯಬೇಕು. ಆಮೇಲೆ ಮಕ್ಕಳ ಮುಖಗಳು ಎದುರು ನಿಲ್ಲುತ್ತವೆ. ಜೊತೆಗಿದ್ದು ಆಸ್ಪತ್ರೆಗೆ ಓಡಾಡಿದ ಮಗ ಒಂದು ಕಡೆ, ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದು ದಿನಕ್ಕೊಂದು ಫೋನ್ ಮಾಡುವ ಮಗಳು ಇನ್ನೊಂದು ಕಡೆ. ಇರುವುದು ಒಂದೇ ಫ್ಲ್ಯಾಟು. ಸಮ ಹಂಚಿದರೆ ಒಬ್ಬರಿಗೆ ನೋವು, ಹೆಚ್ಚು ಕಡಿಮೆ ಮಾಡಿದರೆ ಇನ್ನೊಬ್ಬರಿಗೆ ನೋವು. ಬರೆಯದಿದ್ದರೆ ಇವತ್ತಿಗೆ ಯಾರಿಗೂ ನೋವಿಲ್ಲ. ಪೆನ್ನು ಕೆಳಗಿಟ್ಟ ಕೂಡಲೇ ಮನಸ್ಸಿಗೆ ಒಂದು ಹಗುರ ಸಿಗುತ್ತದೆ. ಆ ಹಗುರಕ್ಕಾಗಿಯೇ ಮನುಷ್ಯ ಮುಂದೂಡುತ್ತಾನೆ.

ಮನಶ್ಶಾಸ್ತ್ರಜ್ಞರಾದ ಫ್ಯೂಷಿಯಾ ಸಿರುವಾ ಮತ್ತು ಟಿಮೊತಿ ಪಿಚಿಲ್ 2013ರ ಒಂದು ಲೇಖನದಲ್ಲಿ ವಾದಿಸಿದ್ದೂ ಇದನ್ನೇ. ಮುಂದೂಡುವುದು ವೇಳೆಯನ್ನು ಸಂಭಾಳಿಸಲು ಬಾರದವರ ತೊಂದರೆಯೆಂದು ನಾವು ಭಾವಿಸುತ್ತೇವೆ. ಅವರ ಪ್ರಕಾರ ಅದು ಆ ಕ್ಷಣದ ಕಹಿ ಭಾವವನ್ನು ದೂರ ಮಾಡಿಕೊಳ್ಳುವ ಉಪಾಯ. ಕಹಿ ತಪ್ಪುತ್ತದೆ, ಕೆಲಸ ಉಳಿಯುತ್ತದೆ, ಮರುದಿನ ಅದಕ್ಕೆ ಅಪರಾಧಿ ಭಾವವೂ ಸೇರಿಕೊಂಡು ಕಹಿ ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದ ಹತ್ತು ವರ್ಷ ತಳ್ಳಿದ ಕೆಲಸಕ್ಕೆ ಕೈಹಾಕುವುದು ಮೊದಲ ದಿನಕ್ಕಿಂತ ಎಷ್ಟೋ ಕಷ್ಟ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ತಾಮಸ ಕರ್ತೃವಿನ ಲಕ್ಷಣ ಹೇಳುವಾಗ ಆಲಸಿ, ವಿಷಾದಿ, ದೀರ್ಘಸೂತ್ರಿ ಎಂದು ಮೂರನ್ನೂ ಬೇರೆ ಬೇರೆಯಾಗಿಯೇ ಎಣಿಸುತ್ತದೆ. ನಮ್ಮ ಈ ಹಿರಿಯರನ್ನೆಲ್ಲ ತಾಮಸರೆಂದು ಒಂದೇ ಸಾಲಿಗೆ ಸೇರಿಸಲು ನನ್ನ ಮನಸ್ಸು ಒಪ್ಪದು. ಆದರೆ ಆಲಸ್ಯ ಬೇರೆ, ಮುಂದೂಡುವುದು ಬೇರೆ, ಮುಂದೂಡುವುದರ ಪಕ್ಕದಲ್ಲೇ ವಿಷಾದ ಇರುತ್ತದೆ ಎಂದು ಗುರುತಿಸಿದ ಕಣ್ಣು ಬಹಳ ಚುರುಕಿನದು.

1990ರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದು ಓದುಗರಿಗೆ ನೆನಪಿದ್ದೀತು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ ಎಂಬ ನಂಬಿಕೆ. ನಮ್ಮ ಹಿರಿಯರು ವಿಲ್ಲಿಗೆ ಹೇಳುತ್ತಿದ್ದುದೂ ಅದನ್ನೇ.

ಇದನ್ನು ಮನೆಯ ಯಜಮಾನರೊಬ್ಬರೇ ಹೇಳುತ್ತಿರಲಿಲ್ಲ ಎನ್ನುವುದು ಮುಖ್ಯ. ರಾತ್ರಿ ಊಟವಾದ ಮೇಲೆ ಒಂದು ದಿನ ಧೈರ್ಯ ಮಾಡಿ ಅವರು ‘ನಾನು ಹೋದ ಮೇಲೆ ಈ ಮನೆ...’ ಎಂದು ಮಾತು ತೆಗೆಯುತ್ತಾರೆ. ಹೆಂಡತಿ ಅಲ್ಲೇ ತಡೆಯುತ್ತಾರೆ: ‘ಬಿಡ್ತು ಅನ್ನಿ! ದೀಪ ಹಚ್ಚಿದ ಹೊತ್ತಿಗೆ ಎಂಥ ಮಾತು ನಿಮ್ಮದು!’ ಆ ತಡೆಯಲ್ಲಿರುವುದು ಪ್ರೀತಿ. ಮಗ ಪಕ್ಕದ ಕೋಣೆಯಲ್ಲಿ ಕೇಳಿಸಿಕೊಂಡೂ ಸುಮ್ಮನಿರುತ್ತಾನೆ. ತಾನು ಬಾಯಿ ತೆರೆದರೆ ಆಸ್ತಿಯ ಮೇಲೆ ಕಣ್ಣು ಎಂದು ಅಕ್ಕ ತಿಳಿದುಕೊಂಡಾಳು ಎಂಬ ಭಯ ಅವನಿಗೆ. ಅಕ್ಕನಿಗೆ, ಮದುವೆಯಾಗಿ ಹೋದವಳು ಕೇಳಿದರೆ ತವರಿನ ಬಾಗಿಲು ಮುಚ್ಚೀತು ಎಂಬ ಭಯ. ನಾಲ್ಕು ಜನ ಒಬ್ಬರನ್ನೊಬ್ಬರು ನೋಯಿಸಬಾರದೆಂದು ಬಾಯಿ ಕಟ್ಟಿಕೊಂಡು ಕೂತ ಮನೆ ಅದು. ಒಬ್ಬ ಮನುಷ್ಯನ ದೌರ್ಬಲ್ಯ ಎಂದು ನಾವು ತಿಳಿದದ್ದು ಇಡೀ ಮನೆ ಸೇರಿ ಮಾಡಿದ ಮುಂದೂಡಿಕೆ.

ಅದರ ಬೆಲೆ ತೆರುವವರು ಮಾತ್ರ ಹೆಚ್ಚಾಗಿ ಒಬ್ಬರೇ, ‘ಬಿಡ್ತು ಅನ್ನಿ’ ಎಂದ ಆ ತಾಯಿ. ಹಿಂದೂ ಗಂಡಸೊಬ್ಬ ವಿಲ್ ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಅವನ ಸ್ವಯಾರ್ಜಿತ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಅವನ ತಾಯಿ ಇದ್ದರೆ ಆಕೆ, ಎಲ್ಲರಿಗೂ ಸಮಭಾಗ. ಮೂವರು ಮಕ್ಕಳಿದ್ದರೆ, ನಲವತ್ತು ವರ್ಷ ಅಡುಗೆ ಮಾಡಿ, ಗೋಡೆಗೆ ಸುಣ್ಣ ಬಳಿಸಿ ತಾನು ಕಾಪಾಡಿಕೊಂಡ ಮನೆಯಲ್ಲಿ ಆಕೆಗೆ ಬರುವುದು ಕಾಲು ಭಾಗ. ಗಂಡನ ನಂತರ ಮನೆ ತಾನಾಗಿಯೇ ಹೆಂಡತಿಯದಾಗುತ್ತದೆ ಎಂದು ನಂಬಿದ ದಂಪತಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮಕ್ಕಳು ಒಳ್ಳೆಯವರಾಗಿದ್ದರೆ ಏನೂ ಆಗುವುದಿಲ್ಲ, ಹಕ್ಕು ಬಿಟ್ಟುಕೊಟ್ಟು ರಿಲೀಸ್ ಡೀಡ್ ಬರೆದುಕೊಡುತ್ತಾರೆ. ಆದರೂ ಆ ವಯಸ್ಸಿನಲ್ಲಿ ತನ್ನ ಮನೆಗಾಗಿ ಮಕ್ಕಳ ಒಳ್ಳೆಯತನವನ್ನು ನೆಚ್ಚಿಕೊಂಡು ಕೂರುವ ಸ್ಥಿತಿಗೆ ಆಕೆಯನ್ನು ಯಾಕೆ ತರಬೇಕು? (ಕ್ರೈಸ್ತರಿಗೆ, ಮುಸ್ಲಿಮರಿಗೆ ನಿಯಮಗಳು ಬೇರೆ, ಅವನ್ನೂ ತಿಳಿದಿಟ್ಟುಕೊಳ್ಳಬೇಕು.)

ನಾಮಿನೇಷನ್ ತುಂಬಿದರೆ ಸಾಕು ಎಂಬ ತಪ್ಪು ಕಲ್ಪನೆಯೂ ಇದೆ. ಸೊಸೈಟಿಯ ನಾಮಿನಿ ಮನೆಯ ಒಡೆಯನಾಗುವುದಿಲ್ಲ. ವಾರಸುದಾರರ ಪರವಾಗಿ ಅದನ್ನು ನೋಡಿಕೊಳ್ಳುವವನು ಮಾತ್ರ. ಒಡೆತನ ವಿಲ್ ಇದ್ದರೆ ಅದರಂತೆ, ಇಲ್ಲದಿದ್ದರೆ ಕಾಯಿದೆಯಂತೆ ಹೋಗುತ್ತದೆ. ಅದಕ್ಕೇ ಎರಡು ಹಾಳೆ ಬೇಕು.

ಈ ವಿಷಯ ಚೆಂಬೂರಿನಲ್ಲಿ ಈಗ ತುರ್ತಿನದಾಗಿದೆ. ತಿಲಕ್ ನಗರದಿಂದ ಪೆಸ್ತಂ ಸಾಗರದವರೆಗೆ ಹಳೆಯ ನಾಲ್ಕು ಮಹಡಿಯ ಕಟ್ಟಡಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಬಿಲ್ಡರ್ ಪ್ರತಿ ಸದಸ್ಯರ ಜೊತೆ ಪ್ರತ್ಯೇಕ ಕರಾರು ಮಾಡಿಕೊಳ್ಳಬೇಕು. ಶೇರ್ ಸರ್ಟಿಫಿಕೇಟಿನಲ್ಲಿ ಹೆಸರಿರುವವರು ತೀರಿಹೋಗಿ ಎಷ್ಟೋ ವರ್ಷವಾಗಿರುತ್ತದೆ, ವಾರಸುದಾರರು ಮೂರು ಊರುಗಳಲ್ಲಿ ಹಂಚಿಹೋಗಿರುತ್ತಾರೆ, ಒಬ್ಬರ ಸಹಿ ಬಾರದೆ ಕರಾರು ನಿಲ್ಲುತ್ತದೆ. ಬೇರೆ ಮನೆಯವರೆಲ್ಲ ಖಾಲಿ ಮಾಡಿ ಬಾಡಿಗೆ ಮನೆಗೆ ಹೋಗುವಾಗ ಎಪ್ಪತ್ತೈದರ ವಿಧವೆಯೊಬ್ಬರು ಫೈಲು ಹಿಡಿದು ವಕೀಲರ ಮೆಟ್ಟಿಲು ಹತ್ತುತ್ತಿರುತ್ತಾರೆ. ಇದು ಒಂದು ಮನೆಯ ಕಥೆಯಾಗಿ ಉಳಿದಿಲ್ಲ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗಾಯಿಸಬೇಕು. 2023ರ ಫೆಬ್ರವರಿ ಹೊತ್ತಿಗೆ ಸರ್ಕಾರಿ ಬ್ಯಾಂಕುಗಳು ಹೀಗೆ ವರ್ಗಾಯಿಸಿದ ಹಣ 35,012 ಕೋಟಿ ರೂಪಾಯಿ, ಸುಮಾರು 10.24 ಕೋಟಿ ಖಾತೆಗಳದ್ದು. ಅದರಲ್ಲಿ ಮರೆತವರ ಹಣವಿದೆ, ಊರು ಬಿಟ್ಟವರ ಹಣವಿದೆ, ಮನೆಯವರಿಗೆ ಹೇಳದೆ ಹೋದವರ ಹಣವೂ ಇದೆ. ಅದನ್ನು ಹುಡುಕಲೆಂದು ಅದೇ ವರ್ಷ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ‘ಉದ್ಗಮ್’ ಎಂಬ ಜಾಲತಾಣ ತೆರೆಯಿತು. ತೀರಿಹೋದ ತಂದೆತಾಯಿಯ ಹೆಸರು ಹಾಕಿ ಯಾರು ಬೇಕಾದರೂ ಹುಡುಕಬಹುದು.

ಗಡುವು ಇದ್ದರೆ ಕೆಲಸವನ್ನು ನಾವು ಹೇಗೋ ಮುಗಿಸುತ್ತೇವೆ. 2024ರ ಜುಲೈ 31ರೊಳಗೆ ಸಲ್ಲಿಕೆಯಾದ ಆದಾಯ ತೆರಿಗೆ ರಿಟರ್ನ್‌ಗಳು 7.28 ಕೋಟಿ, ಅದರಲ್ಲಿ 69.92 ಲಕ್ಷ ಆ ಕೊನೆಯ ದಿನ ಒಂದರಲ್ಲೇ ಬಂದವು. ನವೆಂಬರ್ ಬಂತೆಂದರೆ ಅಣುಶಕ್ತಿ ನಗರದ, ಚೆಂಬೂರಿನ ನಿವೃತ್ತರು ಪಿಂಚಣಿಗಾಗಿ ತಾವು ಬದುಕಿದ್ದೇವೆಂಬ ಪ್ರಮಾಣಪತ್ರ ಕೊಡಲು ಬ್ಯಾಂಕಿನ ಮುಂದೆ ಬೆಳಿಗ್ಗೆಯೇ ಸಾಲು ನಿಲ್ಲುತ್ತಾರೆ. ಮೊಣಕಾಲು ನೋಯುತ್ತಿದ್ದರೂ ತಪ್ಪಿಸುವುದಿಲ್ಲ, ಯಾಕೆಂದರೆ ತಪ್ಪಿಸಿದರೆ ಪಿಂಚಣಿ ನಿಲ್ಲುತ್ತದೆ. ವಿಲ್ಲಿಗೂ ಒಂದು ಗಡುವಿದೆ. ಆದರೆ ಆ ತಾರೀಖು ಯಾವ ಕ್ಯಾಲೆಂಡರಿನಲ್ಲೂ ಅಚ್ಚಾಗಿರುವುದಿಲ್ಲ.

ಗಡುವಿಲ್ಲದ ಕೆಲಸ ಹೇಗೆ ಜಾರುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಭಾರತದಲ್ಲೇ ಅನುಭವಿಸಿ ಬರೆದರು. ಅವರು ಇಲ್ಲಿ ಒಂದು ವರ್ಷ ಇದ್ದಾಗ, ಭೇಟಿಗೆ ಬಂದಿದ್ದ ಗೆಳೆಯ ಜೋಸೆಫ್ ಸ್ಟಿಗ್ಲಿಟ್ಜ್ ಒಂದು ಪೆಟ್ಟಿಗೆ ಬಟ್ಟೆ ಬಿಟ್ಟುಹೋದರು. ಅದನ್ನು ಅಮೆರಿಕಕ್ಕೆ ಪಾರ್ಸೆಲ್ ಮಾಡಬೇಕಿತ್ತು, ಅಂಚೆಯ ಕೆಲಸಕ್ಕೆ ಒಂದು ದಿನ ಹಿಡಿಯಬಹುದೆಂದು ಅವರ ಅಂದಾಜು. ಎಂಟು ತಿಂಗಳಿಗೂ ಹೆಚ್ಚು ಕಾಲ ಪ್ರತಿ ಬೆಳಿಗ್ಗೆ ಅವರು ನಾಳೆ ಕಳಿಸುತ್ತೇನೆ ಎಂದುಕೊಂಡರು. ಕೊನೆಗೆ ಇನ್ನೊಬ್ಬ ಗೆಳೆಯರ ಸಾಮಾನಿನ ಜೊತೆ ಅದು ಹೋಯಿತು. 1991ರಲ್ಲಿ ಪ್ರಕಟವಾದ ಅವರ ಉಪನ್ಯಾಸ ಈ ಪೆಟ್ಟಿಗೆಯ ಪ್ರಸಂಗದಿಂದಲೇ ವಿಚಾರಕ್ಕೆ ಇಳಿಯುತ್ತದೆ. ಇವತ್ತಿನ ಶ್ರಮ ಕಣ್ಣಿಗೆ ರಾಚುತ್ತದೆ, ಒಂದು ದಿನ ತಡವಾದರೆ ಆಗುವ ನಷ್ಟ ಕಾಣದಷ್ಟು ಸಣ್ಣದು; ಆದ್ದರಿಂದ ಪ್ರತಿ ದಿನದ ನಿರ್ಧಾರವೂ ಸರಿಯೆಂದೇ ತೋರುತ್ತದೆ, ಎಲ್ಲ ದಿನಗಳನ್ನು ಕೂಡಿಸಿದಾಗ ನಷ್ಟ ದೊಡ್ಡದು. ಈ ಇಬ್ಬರೂ ಗೆಳೆಯರು 2001ರಲ್ಲಿ ಮೈಕೆಲ್ ಸ್ಪೆನ್ಸ್ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಬುದ್ಧಿ ಎಷ್ಟಿದ್ದರೂ ಈ ಜಾರಿಕೆಯಿಂದ ಯಾರೂ ಹೊರಗಿಲ್ಲ.

ಎಲ್ಲ ವಿಳಂಬವನ್ನೂ ಮನಸ್ಸಿನ ಲೆಕ್ಕಕ್ಕೆ ಬರೆಯುವುದೂ ಸರಿಯಲ್ಲ. ನಮ್ಮವರಿಗೆ ಕಾಗದಗಳು ಎರಡು ಕಡೆ ಇವೆ, ಇಲ್ಲಿ ಫ್ಲ್ಯಾಟು, ಊರಲ್ಲಿ ಮನೆ, ಅಡಿಕೆ ತೋಟ, ಗದ್ದೆ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರು. ಅದನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಮಾಡಿಸಲು ವಂಶವೃಕ್ಷ ಬೇಕು, ಮರಣ ಪ್ರಮಾಣಪತ್ರ ಬೇಕು, ದಾಯಾದಿಗಳ ಒಪ್ಪಿಗೆ ಬೇಕು. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಊರಿಗೆ ಹೋದವರ ರಜೆಯೆಲ್ಲ ಮದುವೆಗೆ, ಭೂತದ ಕೋಲಕ್ಕೆ ಮುಗಿಯುತ್ತದೆ. ತಾಲೂಕು ಕಚೇರಿಗೆ ಹೋದ ಒಂದೇ ದಿನ ‘ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ’ ಎಂಬ ಉತ್ತರ. ಮುಂದಿನ ಸಲ ಬಂದಾಗ ನೋಡೋಣ ಎಂದು ಗಾಡಿ ಹತ್ತುವವರನ್ನು ದೂರುವುದು ಹೇಗೆ? ಕರ್ನಾಟಕದ ಕಂದಾಯ ಇಲಾಖೆ ಈಚೆಗೆ ಪೌತಿ ಖಾತೆಗೆಂದೇ ಆಂದೋಲನ ಹಿಡಿಯಬೇಕಾಗಿ ಬಂತು. ಅಂದರೆ ಈ ಸಮಸ್ಯೆ ಹೊರನಾಡಿನವರದ್ದಷ್ಟೇ ಅಲ್ಲ, ಊರಲ್ಲೇ ಇದ್ದವರದ್ದೂ ಹೌದು.

ಹಾಗಾದರೆ ಆ ಹಾಳೆಗಳನ್ನು ಬರೆಸುವುದು ಹೇಗೆ? ಬೈದು ಆಗುವುದಿಲ್ಲ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ 119 ವಿದ್ಯಾರ್ಥಿಗಳನ್ನು ಗಮನಿಸಿತು. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದವರಲ್ಲಿ, ಆದದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಮುಂದೂಡಿದ್ದು ಕಡಿಮೆ. ಕಹಿ ಕಡಿಮೆಯಾದರೆ ಓಡಿಹೋಗಬೇಕೆಂಬ ಒತ್ತಡವೂ ಕಡಿಮೆಯಾಗುತ್ತದೆ, ಅಷ್ಟೇ ಇದರ ಒಳಗುಟ್ಟು. ‘ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಅಪ್ಪಾ?’ ಎಂದು ಶುರು ಮಾಡಿದ ಮಾತು ಮತ್ತೆ ಹತ್ತು ವರ್ಷಕ್ಕೆ ಬಾಗಿಲು ಮುಚ್ಚುತ್ತದೆ.

ತಾರೀಖು ಗೊತ್ತು ಮಾಡುವುದರಿಂದಲೂ ಸ್ವಲ್ಪ ಸಹಾಯವಿದೆ. 2011ರಲ್ಲಿ ಅಮೆರಿಕದ ಒಂದು ಸಂಸ್ಥೆಯ ನೌಕರರಿಗೆ ಫ್ಲೂ ಲಸಿಕೆಯ ಪತ್ರ ಕಳಿಸಿದ ಪ್ರಯೋಗವೊಂದು ಪ್ರಕಟವಾಯಿತು. ಯಾವ ದಿನ, ಎಷ್ಟು ಗಂಟೆಗೆ ಹೋಗುತ್ತೀರಿ ಎಂದು ಬರೆದುಕೊಳ್ಳಲು ಜಾಗ ಕೊಟ್ಟವರಲ್ಲಿ ಲಸಿಕೆ ಹಾಕಿಸಿಕೊಂಡವರು ನೂರಕ್ಕೆ 37, ಬರೀ ಪತ್ರ ಸಿಕ್ಕವರಲ್ಲಿ 33. ಅಂತರ ಚಿಕ್ಕದೇ. ಆದರೆ ಒಂದು ಖಾಲಿ ಗೆರೆಯಿಂದ ಅಷ್ಟಾಯಿತು. ಚೆಂಬೂರು ಕರ್ನಾಟಕ ಸಂಘದಂಥ ಸಂಸ್ಥೆಗಳು ಯಕ್ಷಗಾನಕ್ಕೆ, ಪುಸ್ತಕ ಬಿಡುಗಡೆಗೆ ದಿನ ಗೊತ್ತು ಮಾಡುವ ಹಾಗೆ ವರ್ಷಕ್ಕೊಂದು ಭಾನುವಾರವನ್ನು ಇದಕ್ಕೂ ಮೀಸಲಿಡಬಾರದೇಕೆ? ವಿಲ್ ಮತ್ತು ವಾರಸುದಾರಿಕೆಯ ಕಾನೂನು ಬಲ್ಲ ಕನ್ನಡದ ವಕೀಲರೊಬ್ಬರು, ಕಾಫಿ, ಉಪ್ಪಿಟ್ಟು, ಸಾಕ್ಷಿ ಹಾಕಲು ಆಸ್ತಿಯಲ್ಲಿ ಪಾಲಿಲ್ಲದ ನಾಲ್ವರು ಗೆಳೆಯರು ಇದ್ದರೆ ಸಾಕು. ಎಲ್ಲರೂ ಒಟ್ಟಿಗೆ ಬರೆಯುವ ಜಾಗದಲ್ಲಿ ‘ಬಿಡ್ತು ಅನ್ನಿ’ ಎನ್ನುವವರು ಇರುವುದಿಲ್ಲ.

ಮನೆಯಲ್ಲಿಯೇ ಆಗಬೇಕೆಂದರೆ ಮಕ್ಕಳು ಮೊದಲು ತಮ್ಮದನ್ನು ಬರೆಯಲಿ. ನಲವತ್ತು ದಾಟಿದ ಮಗನಿಗೂ ಮಗಳಿಗೂ ಇವತ್ತು ಗೃಹಸಾಲವಿದೆ, ಪಿಎಫ್ ಇದೆ, ಮ್ಯೂಚುವಲ್ ಫಂಡ್ ಇದೆ, ಚಿಕ್ಕ ಮಕ್ಕಳಿದ್ದಾರೆ. ಅವರ ನಾಮಿನೇಷನ್ನೂ ಎಷ್ಟೋ ಸಲ ಮದುವೆಗೆ ಮುಂಚಿನದ್ದೇ ಆಗಿರುತ್ತದೆ. ‘ಅಪ್ಪಾ, ನನ್ನ ವಿಲ್ ಬರೆದೆ, ಒಮ್ಮೆ ಓದಿ ನೋಡಿ, ಏನಾದರೂ ಬಿಟ್ಟುಹೋಗಿದೆಯಾ?’ ಎಂದು ಮುಂದಿಟ್ಟರೆ ಆ ಮಾತು ಅಪ್ಪನ ಸಾವಿನದ್ದಾಗುವುದಿಲ್ಲ, ಅಪ್ಪನ ಅನುಭವಕ್ಕೆ ಕೇಳಿದ ಸಲಹೆಯಾಗುತ್ತದೆ. ಹಾಗೆ ಕೇಳಿದಾಗ ಕನ್ನಡಕ ಹಾಕಿಕೊಂಡು ಕೂತು ಸಾಲು ಸಾಲು ತಿದ್ದುವ ಹಿರಿಯರು ನಮ್ಮಲ್ಲಿ ಬಹಳ ಇದ್ದಾರೆ. ಆಮೇಲೆ ಅವರಿಗೆ ಕೇಳುವ ಮೊದಲ ಪ್ರಶ್ನೆ ಮನೆ ಯಾರಿಗೆ ಎಂಬುದಾಗಿರಬಾರದು. ಅಮ್ಮ ಎಲ್ಲಿರಬೇಕು, ಅಮ್ಮನ ಖರ್ಚಿಗೆ ಏನು ವ್ಯವಸ್ಥೆ ಎಂಬುದಾಗಿರಲಿ. ಆ ಪ್ರಶ್ನೆಗೆ ಉತ್ತರ ಹೇಳಲು ಯಾವ ಗಂಡನೂ ಹಿಂಜರಿಯುವುದಿಲ್ಲ, ಉಳಿದದ್ದನ್ನು ಹಂಚುವುದು ಅದರ ನಂತರ ಸುಲಭ. ಬ್ಯಾಂಕಿನ ಠೇವಣಿಗಾದರೆ 2025ರ ನವೆಂಬರ್ 1ರಿಂದ ಒಬ್ಬರ ಬದಲು ನಾಲ್ವರವರೆಗೆ ನಾಮಿನಿ ಹಾಕಬಹುದು, ಯಾರಿಗೆ ನೂರಕ್ಕೆ ಎಷ್ಟು ಎಂದೂ ನಮೂದಿಸಬಹುದು. ಮಗನೋ ಮಗಳೋ ಎಂದು ಒಬ್ಬರನ್ನೇ ಆರಿಸಬೇಕಾದ ಸಂಕಟ ಅಲ್ಲಿಗೆ ತಪ್ಪಿತು. ಪಾಸ್‌ಬುಕ್, ಆಧಾರ್ ಹಿಡಿದು ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಖಾತೆ ಎಲ್ಲೆಲ್ಲಿದೆ ಎಂದು ಅವರಿಗೂ ಗೊತ್ತಾಗಲಿ.